ರಕ್ತ ಕಾಣದ ವಸಡು: ತಂಬಾಕಿನ ಸೀಮೆಯಲ್ಲಿ ಬಾಯಿ ಮತ್ತು ಹೃದಯ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿ, ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ಬಯಲಿಗೆ ಹೊಂದಿಕೊಂಡಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಬದುಕನ್ನು ಎರಡು ಬೆಳೆಗಳು ಬಹುಕಾಲದಿಂದ ರೂಪಿಸುತ್ತ ಬಂದಿವೆ. ಕಬ್ಬು ಈ ನೆಲಕ್ಕೆ ಸಕ್ಕರೆ ಕಾರ್ಖಾನೆಗಳನ್ನು ತಂದಿತು. ಉಗಾರ ಖುರ್ದದ ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ. ತಂಬಾಕು ನಿಪ್ಪಾಣಿಯ ಪೇಟೆಯನ್ನು ಕಟ್ಟಿತು, ಬೀಡಿ ಕಟ್ಟುವ ಸಾವಿರಾರು ಹೆಣ್ಣುಮಕ್ಕಳಿಗೆ ಕೂಲಿ ಕೊಟ್ಟಿತು. 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ನ್ಯಾಯವಾದ ಬೆಲೆ ಕೇಳಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತ ತಂಬಾಕು ಬೆಳೆಗಾರರ ಮೇಲೆ ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಗೋಲಿಬಾರ್ ನಡೆದು ರೈತರು ಪ್ರಾಣ ಕಳೆದುಕೊಂಡದ್ದು ಈ ಭಾಗದ ಹಿರಿಯರ ನೆನಪಿನಿಂದ ಮಾಸಿಲ್ಲ. ಆದ್ದರಿಂದ ಈ ಸೀಮೆಯಲ್ಲಿ ತಂಬಾಕಿನ ಕೆಡುಕಿನ ಬಗ್ಗೆ ಮಾತನಾಡುವವರು, ಅದು ಇಲ್ಲಿ ಅನೇಕ ಮನೆಗಳ ಒಲೆ ಹೊತ್ತಿಸಿದೆ ಎಂಬುದನ್ನು ಮರೆಯದೆ ಮಾತನಾಡಬೇಕಾಗುತ್ತದೆ.

ಆದರೂ ಮಾತನಾಡಲೇಬೇಕು, ಏಕೆಂದರೆ ಈ ಎರಡೂ ಬೆಳೆಗಳ ಫಲ ಮನುಷ್ಯನ ದೇಹವನ್ನು ಸೇರುವುದು ಮುಖ್ಯವಾಗಿ ಬಾಯಿಯ ಮೂಲಕವೇ, ಮತ್ತು ಬಾಯಿಯಲ್ಲಿ ಅವು ಮಾಡುವ ಹಾನಿ ಬಾಯಿಯಲ್ಲಿಯೇ ನಿಲ್ಲುವುದಿಲ್ಲ. ವಸಡಿನ ದೀರ್ಘಕಾಲದ ರೋಗಕ್ಕೂ ಹೃದಯದ ರಕ್ತನಾಳಗಳ ರೋಗಕ್ಕೂ ನಂಟಿದೆ ಎಂಬುದನ್ನು ಕಳೆದ ಮೂರೂವರೆ ದಶಕಗಳ ವೈದ್ಯಕೀಯ ಸಂಶೋಧನೆ ಮತ್ತೆ ಮತ್ತೆ ಕಂಡುಕೊಂಡಿದೆ. ಆ ನಂಟು ಎಂಥದು, ಎಷ್ಟರಮಟ್ಟಿಗೆ ಸಾಬೀತಾಗಿದೆ, ತಂಬಾಕು ಬಳಕೆ ಹೆಚ್ಚಿರುವ ಕಡೆ ಅದು ಏಕೆ ಕಣ್ಣಿಗೆ ಬೀಳದೆ ಉಳಿಯುತ್ತದೆ ಎಂಬುದು ಈ ಐದು ತಾಲ್ಲೂಕುಗಳ ಜನ ತಿಳಿದಿರಬೇಕಾದ ಸಂಗತಿ.

ವಸಡಿನೊಳಗಿನ ಗಾಯ

ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ಒಂದು ಸಣ್ಣ ಸಂದು ಇರುತ್ತದೆ. ಆರೋಗ್ಯವಂತ ಬಾಯಿಯಲ್ಲಿ ಈ ಸಂದಿನ ಆಳ ಒಂದರಿಂದ ಮೂರು ಮಿಲಿಮೀಟರ್ ಮಾತ್ರ. ಊಟವಾದ ಮೇಲೆ ಹಲ್ಲಿನ ಮೇಲೆ ಕೂರುವ, ಬೆರಳಿಗೆ ಜಿಗುಟಾಗಿ ಸಿಗುವ ತೆಳುವಾದ ಪದರ ಕೇವಲ ಅನ್ನದ ಶೇಷವಲ್ಲ. ನೂರಾರು ಬಗೆಯ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಂಡು ಕಟ್ಟಿಕೊಂಡ ನೆಲೆ ಅದು. ದಂತವೈದ್ಯರು ಇದನ್ನು ಪ್ಲಾಕ್ ಎನ್ನುತ್ತಾರೆ, ಕನ್ನಡದಲ್ಲಿ ಹಲ್ಲಿನ ಪಾಚಿ ಎನ್ನಬಹುದು. ದಿನವೂ ಉಜ್ಜಿ ತೆಗೆಯದೆ ಬಿಟ್ಟ ಪಾಚಿ ಜೊಲ್ಲಿನಲ್ಲಿರುವ ಸುಣ್ಣದ ಅಂಶವನ್ನು ಹೀರಿಕೊಂಡು ಕೆಲವೇ ದಿನಗಳಲ್ಲಿ ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾದ ಕಿಟ್ಟವನ್ನು ಟಾರ್ಟರ್ ಎಂದು ಕರೆಯುತ್ತಾರೆ. ಅದು ಬ್ರಶ್‌ಗೆ ಜಗ್ಗುವುದಿಲ್ಲ, ದಂತವೈದ್ಯರ ಉಪಕರಣವೇ ಬೇಕು.

ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳನ್ನು ಎದುರಿಸಲು ದೇಹ ವಸಡಿಗೆ ಹೆಚ್ಚು ರಕ್ತವನ್ನೂ ಬಿಳಿ ರಕ್ತಕಣಗಳನ್ನೂ ಕಳುಹಿಸುತ್ತದೆ. ಆಗ ವಸಡು ಕೆಂಪಾಗಿ ಊದಿಕೊಂಡು, ಉಜ್ಜಿದಾಗ ರಕ್ತ ಒಸರುತ್ತದೆ; ಇದು ಜಿಂಜಿವೈಟಿಸ್, ಅಂದರೆ ವಸಡಿನ ಉರಿಯೂತ. ಈ ಹಂತದಲ್ಲಿ ಸರಿಯಾಗಿ ಶುಚಿಗೊಳಿಸಿದರೆ ವಸಡು ಪೂರ್ತಿಯಾಗಿ ಮೊದಲಿನಂತಾಗುತ್ತದೆ. ಇದನ್ನು ಕಡೆಗಣಿಸಿದ ಕೆಲವರಲ್ಲಿ ಉರಿಯೂತ ಕೆಳಕ್ಕಿಳಿದು, ಹಲ್ಲನ್ನು ದವಡೆಗೆ ಹಿಡಿದಿಟ್ಟಿರುವ ನಾರುಗಳನ್ನೂ ಅದರ ಬುಡದ ಎಲುಬನ್ನೂ ಕರಗಿಸತೊಡಗುತ್ತದೆ. ಆಗ ಅದು ಪೆರಿಯೊಡಾಂಟೈಟಿಸ್ ಎನಿಸುತ್ತದೆ. ಹಳಬರು ಪಯೋರಿಯಾ ಎಂದು ಕರೆಯುತ್ತಿದ್ದುದು ಇದನ್ನೇ. ಕರಗಿದ ಎಲುಬು ತಾನಾಗಿ ಮರಳಿ ಬೆಳೆಯುವುದಿಲ್ಲ.

ಈ ರೋಗವನ್ನು ಪತ್ತೆ ಹಚ್ಚಲು ದಂತವೈದ್ಯರ ಬಳಿ ಇರುವ ಉಪಕರಣ ಅತ್ಯಂತ ಸರಳವಾದದ್ದು: ತುದಿ ಮೊಂಡಾಗಿರುವ, ಮಿಲಿಮೀಟರ್ ಗೆರೆಗಳನ್ನು ಕೊರೆದಿರುವ ಒಂದು ತೆಳುವಾದ ಲೋಹದ ಕಡ್ಡಿ. ವೈದ್ಯರು ಅದನ್ನು ವಸಡಿನ ಸಂದಿಯಲ್ಲಿ ಹಗುರವಾಗಿ ಇಳಿಸಿ, ಒಂದೊಂದು ಹಲ್ಲಿನ ಸುತ್ತ ಆರು ಕಡೆ ಆಳ ನೋಡುತ್ತ ಹೋಗುತ್ತಾರೆ. ಎರಡನೆಯ ಅಥವಾ ಮೂರನೆಯ ಗೆರೆಗೆ ಕಡ್ಡಿ ನಿಂತರೆ ಚಿಂತೆಯಿಲ್ಲ. ನಾಲ್ಕು ದಾಟಿದರೆ ಅಲ್ಲೊಂದು ಚೀಲ ರೂಪುಗೊಂಡಿದೆ ಎಂದರ್ಥ; ಆರು, ಏಳಕ್ಕೆ ಇಳಿದರೆ ರೋಗ ತೀವ್ರವಾಗಿದೆ. ಹೊರಗಿನಿಂದ ನೋಡಿದಾಗ ಹಲ್ಲುಗಳ ಸಾಲು ನೆಟ್ಟಗಿದ್ದು, ನೋವು ಒಂದಿಷ್ಟೂ ಇಲ್ಲದಿರುವಾಗಲೂ ಕಡ್ಡಿ ಏಳನೆಯ ಗೆರೆಯವರೆಗೆ ಇಳಿಯಬಲ್ಲದು. ಈ ಚೀಲದ ಒಳಗೋಡೆ ತುಂಬ ಹುಣ್ಣಾಗಿರುತ್ತದೆ. ತೀವ್ರ ವಸಡು ರೋಗವಿರುವವರ ಬಾಯಿಯ ಎಲ್ಲ ಚೀಲಗಳ ಒಳಮೈಯನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದ ಸಂಶೋಧಕರು ಅದು ಸುಮಾರು 8ರಿಂದ 20 ಚದರ ಸೆಂಟಿಮೀಟರ್ ಆಗುತ್ತದೆ ಎಂದು ಅಂದಾಜಿಸಿದ್ದಾರೆ. ಅಷ್ಟು ಅಗಲದ ಹುಣ್ಣು ಕೈಯ ಮೇಲಾಗಿದ್ದರೆ ಯಾರೂ ವರ್ಷಗಟ್ಟಲೆ ಸುಮ್ಮನಿರುತ್ತಿರಲಿಲ್ಲ. ಬಾಯಿಯೊಳಗೆ ಅಡಗಿರುವುದರಿಂದಲೂ ನೋಯದಿರುವುದರಿಂದಲೂ ಅದು ಹತ್ತು ಹದಿನೈದು ವರ್ಷ ಹಾಗೆಯೇ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಬಾಯಿಯ ಆರೋಗ್ಯದ ವರದಿ, ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು ಮಂದಿಗೆ ತೀವ್ರ ವಸಡು ರೋಗವಿದೆ ಎಂದು ಲೆಕ್ಕ ಹಾಕಿದೆ.

ವಸಡಿನಿಂದ ಹೃದಯಕ್ಕೆ

ಇಂಥ ಹುಣ್ಣಿನಿಂದ ರಕ್ತಪ್ರವಾಹಕ್ಕೆ ಎರಡು ಬಗೆಯ ವಸ್ತುಗಳು ಸೇರುತ್ತವೆ. ಒಂದು, ಬ್ಯಾಕ್ಟೀರಿಯಾಗಳು: ಅಗಿಯುವಾಗ, ಉಜ್ಜುವಾಗ ಅವು ಸ್ವಲ್ಪ ಸ್ವಲ್ಪವಾಗಿ ರಕ್ತದೊಳಗೆ ನುಸುಳುತ್ತವೆ. ಆರೋಗ್ಯವಂತರಲ್ಲಿ ಅವು ನಿಮಿಷಗಳಲ್ಲಿ ನಾಶವಾಗುತ್ತವೆ; ರೋಗಪೀಡಿತ ವಸಡಿನಲ್ಲಿ ಈ ನುಸುಳುವಿಕೆ ದಿನದಿನವೂ ನಡೆಯುತ್ತದೆ. ಪೋರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ, ವಸಡು ರೋಗಕ್ಕೆ ಮುಖ್ಯ ಕಾರಣವಾದ ಬ್ಯಾಕ್ಟೀರಿಯಾದ ಕುರುಹುಗಳು ರೋಗಿಗಳ ಅಪಧಮನಿಗಳಿಂದ ತೆಗೆದ ಕೊಬ್ಬಿನ ಗಂಟುಗಳಲ್ಲಿ ಸಿಕ್ಕಿವೆ. ಎರಡನೆಯದು, ಉರಿಯೂತದ ರಾಸಾಯನಿಕ ಸಂಕೇತಗಳು. ಇವು ಯಕೃತ್ತನ್ನು ತಲುಪಿದಾಗ ಅದು ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ವಸ್ತುವನ್ನು ಹೆಚ್ಚು ಹೆಚ್ಚಾಗಿ ತಯಾರಿಸುತ್ತದೆ. ಕೋವಿಡ್ ಕಾಲದಲ್ಲಿ ರಕ್ತ ಪರೀಕ್ಷೆಯ ಚೀಟಿಗಳಲ್ಲಿ ಸಿಆರ್‌ಪಿ ಎಂದು ಕಾಣಿಸಿಕೊಂಡು ಹಳ್ಳಿಹಳ್ಳಿಗೂ ಪರಿಚಿತವಾದ ಹೆಸರು ಇದೇ. ರಕ್ತನಾಳದ ಒಳಪೊರೆ ಇಂಥ ಸಂಕೇತಗಳಿಗೆ ಎಡೆಬಿಡದೆ ಒಡ್ಡಿಕೊಂಡಾಗ ತನ್ನ ನುಣುಪನ್ನೂ ಹಿಗ್ಗುವ ಗುಣವನ್ನೂ ಕಳೆದುಕೊಳ್ಳುತ್ತದೆ, ಕೊಬ್ಬು ಅಲ್ಲಿ ಸುಲಭವಾಗಿ ಕೂರುತ್ತದೆ, ಕೂತ ಗಂಟು ಒಡೆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುತ್ತದೆ.

ಈ ವಿವರಣೆ ತರ್ಕಕ್ಕೆ ಒಪ್ಪುವಂತಿದ್ದರೂ, ತರ್ಕಕ್ಕೆ ಒಪ್ಪಿದ್ದೆಲ್ಲ ಸತ್ಯವಾಗಬೇಕಾಗಿಲ್ಲ ಎಂಬ ಪಾಠವನ್ನು ವೈದ್ಯಶಾಸ್ತ್ರ ಇದೇ ವಿಷಯದಲ್ಲಿ ಒಮ್ಮೆ ಕಲಿತಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟನ್ನಿನ ವೈದ್ಯ ವಿಲಿಯಂ ಹಂಟರ್ ಮೊದಲಾದವರು, ದೇಹದ ಅನೇಕ ಕಾಯಿಲೆಗಳಿಗೆ ಬಾಯಿಯ ಕೀವೇ ಮೂಲ ಎಂದು ಸಾರಿದ್ದರಿಂದ, ಯುರೋಪ್ ಮತ್ತು ಅಮೆರಿಕದಲ್ಲಿ ಅಸಂಖ್ಯ ಜನರ ಹಲ್ಲುಗಳನ್ನು ಸಾರಾಸಗಟಾಗಿ ಕಿತ್ತುಹಾಕಲಾಯಿತು. ಸಂಧಿವಾತವಾಗಲಿ ಇತರ ಕಾಯಿಲೆಗಳಾಗಲಿ ಅದರಿಂದ ವಾಸಿಯಾಗಲಿಲ್ಲ. ಆ ವಾದ ಮೂಲೆ ಸೇರಿತು. ಹಲ್ಲು ಕೆಟ್ಟಿದೆ, ಎಲ್ಲ ಕೀಳಿಸಿಬಿಟ್ಟರೆ ಆಯಿತು ಎನ್ನುವವರು ಇಂದಿಗೂ ಇರುವುದರಿಂದ ಈ ಇತಿಹಾಸವನ್ನು ನೆನೆಯುವುದು ಒಳಿತು.

ಪ್ರಶ್ನೆ ಮತ್ತೆ ಜೀವ ತಳೆದದ್ದು 1989ರಲ್ಲಿ. ಫಿನ್ಲೆಂಡಿನ ಕಿಮ್ಮೊ ಮಟ್ಟಿಲಾ ಮತ್ತು ಸಂಗಡಿಗರು ಹೃದಯಾಘಾತವಾದ 100 ಮಂದಿಯ ಬಾಯಿಯನ್ನು, ಹಾಗಾಗದ 102 ಮಂದಿಯ ಬಾಯಿಯೊಂದಿಗೆ ಹೋಲಿಸಿ ನೋಡಿ, ಮೊದಲ ಗುಂಪಿನವರ ಹಲ್ಲು ಮತ್ತು ವಸಡುಗಳ ಸ್ಥಿತಿ ಸ್ಪಷ್ಟವಾಗಿ ಕೆಟ್ಟದಾಗಿತ್ತೆಂದೂ, ವಯಸ್ಸು, ಧೂಮಪಾನ, ಮಧುಮೇಹ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ವ್ಯತ್ಯಾಸ ಉಳಿಯಿತೆಂದೂ ವರದಿ ಮಾಡಿದರು. 2016ರಲ್ಲಿ ಸ್ವೀಡನ್ನಿನಿಂದ ಬಂದ ಇನ್ನೂ ದೊಡ್ಡ ಅಧ್ಯಯನ, ಮೊದಲ ಹೃದಯಾಘಾತವಾದ 805 ಮಂದಿಯನ್ನು ಅದೇ ವಯಸ್ಸಿನ, ಅದೇ ಪ್ರದೇಶದ ಅಷ್ಟೇ ಸಂಖ್ಯೆಯ ಆರೋಗ್ಯವಂತರೊಂದಿಗೆ ಹೋಲಿಸಿತು. ವಸಡಿನ ರೋಗ ಮೊದಲ ಗುಂಪಿನಲ್ಲಿ ಶೇ 43ರಷ್ಟು ಮಂದಿಗಿದ್ದರೆ ಎರಡನೆಯದರಲ್ಲಿ ಶೇ 33ರಷ್ಟು ಮಂದಿಗಿತ್ತು. ಇತರ ಕಾರಣಗಳನ್ನು ಕಳೆದ ಮೇಲೂ ಸಾಧ್ಯತೆ ಸುಮಾರು ಶೇ 28ರಷ್ಟು ಹೆಚ್ಚಿತ್ತು. ಇದು ಭಯ ಹುಟ್ಟಿಸುವಷ್ಟು ದೊಡ್ಡ ಅಂಕಿಯಲ್ಲ, ಆದರೆ ಕಡೆಗಣಿಸುವಂಥದೂ ಅಲ್ಲ.

ವಸಡಿಗೆ ಚಿಕಿತ್ಸೆ ಕೊಟ್ಟರೆ ಹೃದಯಾಘಾತ ತಪ್ಪುತ್ತದೆಯೇ? ಇದಕ್ಕೆ ಇನ್ನೂ ಖಚಿತ ಉತ್ತರ ಸಿಕ್ಕಿಲ್ಲ. 2007ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಪ್ರಯೋಗದಲ್ಲಿ ತೀವ್ರ ವಸಡು ರೋಗವಿದ್ದ 120 ಮಂದಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ಆಳವಾದ ಚಿಕಿತ್ಸೆ ನೀಡಿದಾಗ, ಚಿಕಿತ್ಸೆಯಾದ ಮರುದಿನ ರಕ್ತನಾಳಗಳ ಹಿಗ್ಗುವ ಶಕ್ತಿ ತುಸು ಕುಗ್ಗಿ, ಆರು ತಿಂಗಳ ಹೊತ್ತಿಗೆ ಇನ್ನೊಂದು ಗುಂಪಿನವರಿಗಿಂತ ಚೆನ್ನಾಗಿ ಸುಧಾರಿಸಿದ್ದು ಕಂಡುಬಂದಿತು. ಆದರೆ ರಕ್ತನಾಳ ಸುಧಾರಿಸುವುದು ಬೇರೆ, ಹೃದಯಾಘಾತಗಳ ಸಂಖ್ಯೆ ಇಳಿಯುವುದು ಬೇರೆ. ಅಮೆರಿಕದ ಹೃದಯ ಸಂಘವು 2012ರಲ್ಲಿ, ನಂಟು ಇರುವುದು ನಿಜ, ಆದರೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲು ಆಧಾರ ಸಾಲದು ಎಂದು ಹೇಳಿತು. 2020ರಲ್ಲಿ ಯುರೋಪಿನ ವಸಡು ತಜ್ಞರ ಒಕ್ಕೂಟ ಮತ್ತು ವಿಶ್ವ ಹೃದಯ ಒಕ್ಕೂಟಗಳು ಜಂಟಿಯಾಗಿ, ವಸಡು ರೋಗವಿರುವವರಿಗೆ ಹೃದ್ರೋಗದ ಅಪಾಯ ಹೆಚ್ಚೆಂದು ವೈದ್ಯರು ತಿಳಿಹೇಳಬೇಕು, ಹೃದ್ರೋಗಿಗಳಿಗೆ ವಸಡಿನ ಚಿಕಿತ್ಸೆ ಸುರಕ್ಷಿತ ಎಂದು ಸಲಹೆ ನೀಡಿದವು. ತಂಬಾಕು, ಮಧುಮೇಹ ಮತ್ತು ಬಡತನ ವಸಡನ್ನೂ ಹೃದಯವನ್ನೂ ಒಟ್ಟಿಗೆ ಕೆಡಿಸುವುದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ನಿಪ್ಪಾಣಿಯ ಸೀಮೆಯ ಮಟ್ಟಿಗೆ ಆ ಆಕ್ಷೇಪವೇ ವಿಷಯದ ತಿರುಳು: ಎರಡನ್ನೂ ಕೆಡಿಸುವ ವಸ್ತು ಇಲ್ಲಿ ಹೊಲದಲ್ಲಿ, ಗೋದಾಮಿನಲ್ಲಿ, ಪಡಸಾಲೆಯಲ್ಲಿ, ಬಾಯಿಯಲ್ಲಿ ಒಂದೇ ಆಗಿದೆ.

ತಂಬಾಕು ಬಚ್ಚಿಡುವ ರೋಗ

ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯಾಗಿಸುತ್ತದೆ. ವರ್ಷಗಟ್ಟಲೆ ಬೀಡಿ ಸೇದುವವರ ವಸಡು ಇದರಿಂದ ಪೇಲವವಾಗಿ, ಗಟ್ಟಿಯಾಗಿ, ನೋಡಲು ಆರೋಗ್ಯವಾಗಿರುವಂತೆಯೇ ಕಾಣುತ್ತದೆ. ಬುಡದಲ್ಲಿ ಎಲುಬು ಕರಗುತ್ತಿದ್ದರೂ ಉಜ್ಜಿದಾಗ ರಕ್ತ ಬರುವುದಿಲ್ಲ. ಬೇರೆಯವರಿಗೆ ದೇಹ ಕೊಡುವ ಮೊದಲ ಎಚ್ಚರಿಕೆಯನ್ನು ತಂಬಾಕು ಹೀಗೆ ಅಳಿಸಿಹಾಕುತ್ತದೆ. ಸೇದುವವರು ದಂತವೈದ್ಯರ ಬಳಿಗೆ ಬರುವುದು ಹಲ್ಲು ಅಲುಗಾಡತೊಡಗಿದಾಗ ಮಾತ್ರ. ಇದಕ್ಕೆ ಹೊಂದಿಕೊಂಡೇ ಇನ್ನೊಂದು ಸಂಗತಿಯಿದೆ. ತಂಬಾಕು ಬಿಟ್ಟ ಕೆಲವು ದಿನಗಳಲ್ಲಿಯೇ ವಸಡಿನ ರಕ್ತಸಂಚಾರ ಮರಳತೊಡಗುವುದರಿಂದ, ಅಲ್ಲಿಯತನಕ ಕಾಣದಿದ್ದ ರಕ್ತ ಆಗ ಕಾಣಿಸಿಕೊಳ್ಳಬಹುದು. ಬಿಟ್ಟದ್ದರಿಂದಲೇ ಹೀಗಾಯಿತು ಎಂದು ತಿಳಿದು ಮತ್ತೆ ಹಿಡಿಯುವವರಿಗೆ, ಅದು ವಸಡು ಚೇತರಿಸಿಕೊಳ್ಳುತ್ತಿರುವ ಲಕ್ಷಣ ಎಂದು ಹೇಳುವವರು ಸುತ್ತಮುತ್ತ ಇರಬೇಕು.

ಕರ್ನಾಟಕದಲ್ಲಿ ತಂಬಾಕು ಹೊಗೆಯಾಗಿ ಒಳಹೋಗುವುದಕ್ಕಿಂತ ಜಗಿತವಾಗಿ ಹೋಗುವುದೇ ಹೆಚ್ಚು. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು ಶೇ 8.8ರಷ್ಟಿದ್ದರೆ ಜಗಿಯುವ, ತಿಕ್ಕುವ ರೂಪದಲ್ಲಿ ಬಳಸುವವರು ಶೇ 16.3ರಷ್ಟಿದ್ದರು. ಅಂಗೈಯಲ್ಲಿ ಸುಣ್ಣದೊಂದಿಗೆ ತಿಕ್ಕಿದ ತಂಬಾಕನ್ನು ಕೆಳತುಟಿಯ ಹಿಂದೆ ಇಟ್ಟುಕೊಳ್ಳುವವರಲ್ಲಿ, ಸರಿಯಾಗಿ ಆ ಜಾಗದಲ್ಲಿಯೇ ವಸಡು ಜಾರಿ ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಹೊಗೆ ಇಲ್ಲವಾದ್ದರಿಂದ ಹೃದಯಕ್ಕೆ ತೊಂದರೆಯಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ಅಧ್ಯಯನ ಈ ನಂಬಿಕೆಯನ್ನು ಸುಳ್ಳಾಗಿಸಿತು: ತಂಬಾಕನ್ನು ಜಗಿಯುವವರಲ್ಲಿ ಹೃದಯಾಘಾತದ ಸಾಧ್ಯತೆ, ಬಳಸದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಇತರ ದೇಶದವರಿಗಿಂತ ಐದಾರು ವರ್ಷ ಮುಂಚೆಯೇ, ಸರಾಸರಿ 53ನೆಯ ವಯಸ್ಸಿಗೆ ಆಗುತ್ತದೆ ಎಂಬುದೂ ಅದೇ ಅಧ್ಯಯನದಿಂದ ಹೊರಬಂದ ಮಾಹಿತಿ.

ಎಲ್ಲಕ್ಕಿಂತ ಹೆಚ್ಚು ಕಾಳಜಿಗೆ ಕಾರಣವಾಗಬೇಕಾದದ್ದು ಮಶೇರಿ. ಪಶ್ಚಿಮ ಮಹಾರಾಷ್ಟ್ರದಲ್ಲಿ ಬೇರೂರಿರುವ, ಗಡಿಗೆ ಹೊಂದಿದ ಕಡೆಗಳಲ್ಲೂ ಪರಿಚಿತವಾದ ಈ ಅಭ್ಯಾಸದಲ್ಲಿ, ತಂಬಾಕಿನ ಎಲೆಯನ್ನು ಕಾದ ಹಂಚಿನ ಮೇಲೆ ಕರ್ರಗಾಗುವವರೆಗೆ ಹುರಿದು, ಆರಿದ ಮೇಲೆ ಕೈಯಿಂದಲೇ ಪುಡಿ ಮಾಡಿ ಡಬ್ಬಿಯಲ್ಲಿ ತುಂಬಿಡುತ್ತಾರೆ. ಬೆಳಗ್ಗೆ ಎದ್ದೊಡನೆ ಚಿಟಿಕೆಯಷ್ಟು ಪುಡಿಯನ್ನು ತೋರುಬೆರಳಿನಿಂದ ಹಲ್ಲು ಮತ್ತು ವಸಡಿಗೆ ತಿಕ್ಕಿಕೊಂಡು, ಕೆಲಸ ಮಾಡುತ್ತಲೇ ಸ್ವಲ್ಪ ಹೊತ್ತು ಬಾಯಿಯಲ್ಲಿ ಇಟ್ಟುಕೊಳ್ಳುತ್ತಾರೆ. ಬೀಡಿ ಸೇದಲು ಸಂಕೋಚಪಡುವ ಹೆಂಗಸರಿಗೂ ಇದರಲ್ಲಿ ಅಳುಕಿಲ್ಲ, ಏಕೆಂದರೆ ಇದು ಚಟವೆಂದು ಯಾರಿಗೂ ಅನ್ನಿಸುವುದಿಲ್ಲ. ಹಲ್ಲುಜ್ಜುವುದು ಎಂದೇ ಅನ್ನಿಸುತ್ತದೆ. ಬರಬರುತ್ತ ಬೆಳಗಿನ ಒಂದು ಸಲ ಹೋಗಿ, ಊಟವಾದ ಮೇಲೆ ಒಂದು, ಮಲಗುವ ಮುಂಚೆ ಒಂದು ಎಂದು ಬೆಳೆಯುತ್ತದೆ. ವಸಡಿನ ಅಂಚಿಗೆ ದಿನಕ್ಕೆ ಹಲವು ಸಲ ನಿಕೋಟಿನ್ ತಿಕ್ಕುವ ಈ ಕ್ರಮವೇ ವಸಡಿನ ಆರೈಕೆ ಎನಿಸಿಕೊಂಡಿರುವುದು ಬಲು ದುಃಖದ ವಿಷಯ. ಮಾರಾಟಕ್ಕೆ ಬರುವ ಹಲ್ಲುಪುಡಿ ಮತ್ತು ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲಿಯೇ ನಿಷೇಧಿಸಿತು, 1997ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು. 2013ರಲ್ಲಿ ಕರ್ನಾಟಕ ಗುಟ್ಕಾವನ್ನೂ ನಿಷೇಧಿಸಿತು. ಆದರೆ ಮನೆಯ ಹಂಚಿನ ಮೇಲೆ ಹುರಿದ ಪುಡಿಗೆ ಯಾವ ಕಾನೂನೂ ತಲುಪದು. ಅಲ್ಲಿಗೆ ತಲುಪಬಲ್ಲವರು ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮಾತ್ರ.

ಬೀಡಿ ಕಟ್ಟುವವರ ಸ್ಥಿತಿ ಇದಕ್ಕಿಂತ ಭಿನ್ನವಾದ ಮಾತನ್ನು ಬೇಡುತ್ತದೆ. ತೊಡೆಯ ಮೇಲೆ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ಜರಡಿ ಹಿಡಿದ ತಂಬಾಕನ್ನು ಚಿಟಿಕೆ ಚಿಟಿಕೆಯಾಗಿ ತುಂಬಿ, ಸುರುಳಿ ಸುತ್ತಿ ನೂಲು ಕಟ್ಟುವ ಈ ಕೆಲಸದಲ್ಲಿ ಕೂಲಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದು ನಡೆಯುವುದರಿಂದ, ಕೈ ನಿಲ್ಲಿಸಿ ಎದ್ದು ಆಸ್ಪತ್ರೆಗೆ ಹೋದ ದಿನ ಕೂಲಿಯಿಲ್ಲ. ತಂಬಾಕನ್ನು ಒಂದು ದಿನವೂ ಬಾಯಿಗೆ ಹಾಕದ ಬೀಡಿ ಉದ್ಯಮದ ಕಾರ್ಮಿಕರ ಮೂತ್ರದಲ್ಲೂ, ಧೂಳು ಮತ್ತು ಚರ್ಮದ ಮೂಲಕ ಒಳಸೇರಿದ ನಿಕೋಟಿನ್ನಿನ ಕುರುಹಾದ ಕೊಟಿನಿನ್ ಪತ್ತೆಯಾಗಿದೆ. ಇವರಿಗೆ ತಂಬಾಕು ಬಿಡಿ ಎಂದು ಉಪದೇಶಿಸುವುದರಲ್ಲಿ ಅರ್ಥವಿಲ್ಲ. ಕೆಲಸದ ಜಾಗಕ್ಕೇ ಬಂದು ಬಾಯಿ, ಬಿ.ಪಿ., ಸಕ್ಕರೆ ಮೂರನ್ನೂ ನೋಡುವ ಶಿಬಿರ ಇವರ ಹಕ್ಕು.

ಕಬ್ಬಿನ ಪಾತ್ರ ಇಷ್ಟು ನೇರವಾದದ್ದಲ್ಲ. ಸಕ್ಕರೆ, ಬೆಲ್ಲ ಮುಖ್ಯವಾಗಿ ಹಲ್ಲು ಹುಳುಕಾಗಲು ಕಾರಣವಾಗುತ್ತವೆಯೇ ಹೊರತು ವಸಡಿನ ರೋಗಕ್ಕೆ ಅಷ್ಟಾಗಿ ಅಲ್ಲ. ಆದರೆ ಮಧುಮೇಹ ಬಂತೆಂದರೆ ಲೆಕ್ಕ ಬದಲಾಗುತ್ತದೆ. ಹತೋಟಿ ತಪ್ಪಿದ ಮಧುಮೇಹ ವಸಡಿನ ಸೋಂಕನ್ನು ಉಲ್ಬಣಗೊಳಿಸುತ್ತದೆ, ವಸಡಿನ ಉರಿಯೂತ ತಿರುಗಿ ರಕ್ತದ ಸಕ್ಕರೆಯನ್ನು ಹತೋಟಿಗೆ ಬಾರದಂತೆ ಮಾಡುತ್ತದೆ. ಮಾತ್ರೆ ತಪ್ಪದೆ ತೆಗೆದುಕೊಂಡರೂ ಸಕ್ಕರೆ ಇಳಿಯದವರು ಒಮ್ಮೆ ವಸಡನ್ನು ತೋರಿಸಿಕೊಳ್ಳುವುದು ಒಳ್ಳೆಯದು.

ದಂತವೈದ್ಯರಿಗೂ ಹೃದ್ರೋಗಿಗೂ ನಡುವೆ

ಬಾಯಿ ಮತ್ತು ಹೃದಯದ ನಂಟು ಸಂಶೋಧನೆಯ ಮಾತಾಗಿ ಮಾತ್ರ ಉಳಿಯದೆ ಜೀವ ಉಳಿಸುವ ಅಥವಾ ಕಳೆಯುವ ಸಂದರ್ಭಗಳೂ ಇವೆ. ಹೃದಯಾಘಾತದ ನೋವು ಎದೆಯಲ್ಲಿಯೇ ಇರಬೇಕೆಂದಿಲ್ಲ. ಎಡಗೈ, ಕುತ್ತಿಗೆ, ಕೆಳದವಡೆಗೂ ಹರಿಯುತ್ತದೆ, ಒಮ್ಮೊಮ್ಮೆ ದವಡೆಯಲ್ಲಿಯೇ ಮೊದಲು ಕಾಣಿಸಿಕೊಳ್ಳುತ್ತದೆ. ನಡೆದಾಗ, ಏರು ಹತ್ತಿದಾಗ ಶುರುವಾಗಿ ಕುಳಿತರೆ ಇಳಿಯುವ, ಬೆವರು ಅಥವಾ ಉಸಿರುಗಟ್ಟುವಿಕೆ ಜೊತೆಗೂಡಿದ ದವಡೆ ನೋವನ್ನು ಹಲ್ಲುನೋವೆಂದು ತಿಳಿದು ಹಲ್ಲು ಕೀಳಿಸಲು ಹೋಗಬಾರದು, ಇಸಿಜಿ ಮಾಡಿಸಬೇಕು. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ರೂಪಿಸಿದ ಹೃದಯ ಜ್ಯೋತಿ ಯೋಜನೆ, ತಾಲ್ಲೂಕು ಮಟ್ಟದಲ್ಲಿಯೇ ಇಸಿಜಿ ತೆಗೆದು ತಜ್ಞರಿಗೆ ಕಳುಹಿಸಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ಉದ್ದೇಶದ್ದು.

ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆಗಳನ್ನು ಹಲ್ಲು ಕೀಳಿಸುವ ಸಲುವಾಗಿ ರೋಗಿ ತಾನೇ ನಿಲ್ಲಿಸಿಬಿಡುವುದು ಇನ್ನೊಂದು ಅಪಾಯ. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಹೀಗೆ ನಿಲ್ಲಿಸಿದ ಮಾತ್ರೆಯಿಂದ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಒಂದೆರಡು ಹಲ್ಲು ಕಿತ್ತ ಜಾಗದ ರಕ್ತವನ್ನು ಹತ್ತಿಯ ಒತ್ತಡ, ಹೊಲಿಗೆಗಳಿಂದ ದಂತವೈದ್ಯರು ನಿಲ್ಲಿಸಬಲ್ಲರು. ಮಾತ್ರೆಯ ವಿಷಯವನ್ನು ಹೃದಯದ ವೈದ್ಯರೇ ತೀರ್ಮಾನಿಸಬೇಕು. ರಕ್ತದೊತ್ತಡಕ್ಕೆಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವ್ಯಾಪಕವಾಗಿ ಕೊಡುವ ಆಮ್ಲೊಡಿಪಿನ್ ಕೆಲವರಲ್ಲಿ ವಸಡು ಬೆಳೆದು ಹಲ್ಲಿನ ಮೇಲೆ ಹಬ್ಬುವಂತೆ ಮಾಡುತ್ತದೆ. ಹಾಗಾದಾಗ ಮಾತ್ರೆ ಬಿಡದೆ ವೈದ್ಯರಿಗೆ ತಿಳಿಸಿದರೆ ಬೇರೆ ಮಾತ್ರೆಗೆ ಬದಲಿಸಲು ಬರುತ್ತದೆ. ಕೃತಕ ಕವಾಟ ಹಾಕಿಸಿಕೊಂಡವರು, ಹಿಂದೊಮ್ಮೆ ಹೃದಯದ ಒಳಪೊರೆಗೆ ಸೋಂಕು ತಗುಲಿದ್ದವರು ಹಲ್ಲು ಕೀಳಿಸುವ ಅಥವಾ ವಸಡಿನ ಆಳದ ಚಿಕಿತ್ಸೆಗೆ ಒಂದು ಗಂಟೆ ಮುಂಚೆ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕಾಗುತ್ತದೆ, ಏಕೆಂದರೆ ಬಾಯಿಯ ಬ್ಯಾಕ್ಟೀರಿಯಾ ಕವಾಟದ ಮೇಲೆ ನೆಲೆಯೂರಿದರೆ ಅದು ಪ್ರಾಣಾಂತಿಕ. ಈ ಒಂದು ರೋಗದ ಮಟ್ಟಿಗೆ ಬಾಯಿಯೂ ಒಂದು ಮೂಲ ಎಂಬುದರಲ್ಲಿ ಸಂದೇಹವಿಲ್ಲ. ಬಾಲ್ಯದಲ್ಲಿ ರುಮ್ಯಾಟಿಕ್ ಜ್ವರ ಬಂದು ಕವಾಟ ಕೆಟ್ಟವರೂ ದಂತವೈದ್ಯರಿಗೆ ಅದನ್ನು ಮೊದಲೇ ಹೇಳಬೇಕು.

ಚಿಕಿತ್ಸೆಗೆ ದಾರಿ ಇಲ್ಲವೆಂದೇನಲ್ಲ. ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲಿ ದಂತ ಆರೋಗ್ಯಾಧಿಕಾರಿಯ ಹುದ್ದೆ ಇದೆ. ಬೆಳಗಾವಿಯಲ್ಲಿ 1985ರಿಂದ ಕೆಎಲ್ಇ ಸಂಸ್ಥೆಯ ದಂತ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಕಾಗವಾಡ, ಅಥಣಿ ಭಾಗದವರಿಗೆ ಬೆಳಗಾವಿಗಿಂತ ಮಿರಜವೇ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಹಾಪುರ. ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳನ್ನು ಹಾಯುವ ರೈಲು ಮಾರ್ಗ ತಲೆಮಾರುಗಳಿಂದ ಈ ಭಾಗದ ರೋಗಿಗಳನ್ನು ಎರಡೂ ದಿಕ್ಕಿಗೆ ಸಾಗಿಸುತ್ತ ಬಂದಿದೆ. ಕೊರತೆ ಇರುವುದು ಬೇರೆಡೆ. ವಸಡಿನ ರೋಗಕ್ಕೆ ನೋವಿಲ್ಲ, ನೋವಿಲ್ಲದ ರೋಗಕ್ಕೆ ಕೂಲಿ ಬಿಟ್ಟು ಯಾರೂ ರೈಲು ಹತ್ತುವುದಿಲ್ಲ. ಹೀಗಾಗಿ ಪರೀಕ್ಷೆಯೇ ಮನೆಯ ಹತ್ತಿರ ಬರಬೇಕು, ಮತ್ತು ಅದಕ್ಕೆ ಹೊಸ ಯೋಜನೆಯೇನೂ ಬೇಕಾಗಿಲ್ಲ. ಮೂವತ್ತು ದಾಟಿದ ಎಲ್ಲರ ಬಿ.ಪಿ., ಸಕ್ಕರೆ ನೋಡುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಾಯಿಯ ಕ್ಯಾನ್ಸರ್ ತಪಾಸಣೆಯೂ ಸೇರಿದೆ; 2024ರಲ್ಲಿ ರಾಜ್ಯ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಲ್ಲಿಯೂ ಇದೆ. ಕ್ಯಾನ್ಸರ್ ಹುಡುಕಲು ಬಾಯಿಗೆ ಟಾರ್ಚ್ ಹಿಡಿದ ಆರೋಗ್ಯ ಸಿಬ್ಬಂದಿಗೆ ಅದೇ ಬೆಳಕಿನಲ್ಲಿ ಜಾರಿದ ವಸಡು, ಕಪ್ಪಾದ ಕಿಟ್ಟ, ಅಲುಗುವ ಹಲ್ಲು ಕಾಣುತ್ತವೆ. ಕಂಡದ್ದನ್ನು ಬರೆದುಕೊಂಡು ದಂತವೈದ್ಯರಿಗೆ ಕಳುಹಿಸುವ ಒಂದು ಕಾಲಂ ನಮೂನೆಯಲ್ಲಿ ಸೇರಿದರೆ ಸಾಕು. ರಕ್ತ ಬರುತ್ತದೆಯೇ ಎಂದು ಕೇಳಿ ಬಿಡುವ ತಪಾಸಣೆ ತಂಬಾಕಿನ ಸೀಮೆಯಲ್ಲಿ ಸಾಲದು. ಇಲ್ಲಿ ಕಣ್ಣಿಟ್ಟು ನೋಡಬೇಕು, ಕಡ್ಡಿ ಇಳಿಸಿ ಅಳೆಯಬೇಕು.

ಹಲ್ಲು ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ ಎಂಬ ಮಾತು ಊರೂರಿನಲ್ಲಿ ಕೇಳಿಬರುತ್ತದೆ. ವಾಸ್ತವದಲ್ಲಿ ಹಲ್ಲು ಸಡಿಲವಾಗಿರುವುದು ಎಲುಬು ಕರಗಿದ್ದರಿಂದ. ಹಲ್ಲಿನಿಂದ ಹಲ್ಲಿಗೆ ಬೆಸೆದುಕೊಂಡಿದ್ದ ಕಿಟ್ಟ ಅದನ್ನು ಹಿಡಿದಿಟ್ಟಂತೆ ತೋರುತ್ತಿತ್ತು, ಅದು ಹೋದಾಗ ಮೊದಲಿನಿಂದಲೂ ಇದ್ದ ಸಂದು ಬಯಲಾಗುತ್ತದೆ. ಕಿಟ್ಟ ತೆಗೆದ ಕೆಲವು ವಾರಗಳಲ್ಲಿ ಊತ ಇಳಿದು ವಸಡು ಹಲ್ಲಿಗೆ ಮತ್ತೆ ಬಿಗಿಯಾಗಿ ಕೂರುತ್ತದೆ. ಬೂದಿ, ಇದ್ದಿಲು, ಇಟ್ಟಿಗೆ ಪುಡಿಗಳು ಹಲ್ಲನ್ನು ಸವೆಸುತ್ತವೆ. ಬೇವು, ಜಾಲಿ ಕಡ್ಡಿಗಳಿಂದ ಅಂಥ ಕೆಡುಕಿಲ್ಲವಾದರೂ ಹಲ್ಲಿನ ಹಿಂಬದಿಗೂ ಸಂದಿಗೂ ಅವು ತಲುಪುವುದು ಕಷ್ಟ. ಮೆತ್ತನೆಯ ಬ್ರಶ್ಶಿನಿಂದ ಬೆಳಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಉಜ್ಜಿ, ವರ್ಷಕ್ಕೊಮ್ಮೆಯಾದರೂ, ತಂಬಾಕು ಅಥವಾ ಮಧುಮೇಹ ಇರುವವರು ಆರು ತಿಂಗಳಿಗೊಮ್ಮೆ, ಕಿಟ್ಟ ತೆಗೆಸಿಕೊಳ್ಳಬೇಕು.

ಬಿ.ಪಿ. ಮಾತ್ರೆಗೆಂದು ಆರೋಗ್ಯ ಕೇಂದ್ರಕ್ಕೆ ಹೋಗುವ ಓದುಗರು ಮುಂದಿನ ಸಲ ಬಾಯಿಯನ್ನೂ ತೋರಿಸಿಕೊಂಡು ಬರಲಿ. ದಂತವೈದ್ಯರ ಬಳಿಗೆ ಹೋಗುವಾಗ ಮಾತ್ರೆಗಳ ಚೀಟಿಯನ್ನು ಜೊತೆಗೆ ಒಯ್ಯಲಿ. ತಂಬಾಕು ಬಿಡಲು ಮನಸ್ಸು ಮಾಡಿದವರಿಗೆ, ಮಶೇರಿ ತಿಕ್ಕುವ ತಾಯಂದಿರಿಗೂ ಸೇರಿ, ನೆರವು ನೀಡುವ ರಾಷ್ಟ್ರೀಯ ಸಹಾಯವಾಣಿಯ ಉಚಿತ ಸಂಖ್ಯೆ 1800-112-356.